ಚಿಕ್ಕಮ್ಮ ಲ್ಯಾಪ್‌ಟಾಪು ಕೊಂಡದ್ದು

ನಮ್ಮ ಚಿಕ್ಕಮ್ಮನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ದೊಡ್ಡ ಮನುಷ್ಯರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿದ್ದಾರೆ. ಅವಳು ಜಗಳಗಂಟಿಯಲ್ಲ. ಚಾಡಿ ಹೇಳುವವಳಲ್ಲ. ಯಾವ ಚುನಾವಣೆಗೂ ನಿಂತವಳಲ್ಲ. ಆದರೂ ಹೆದರುತ್ತಾರೆ. ಯಾಕೆಂದರೆ ಅವರನ್ನೆಲ್ಲ ಮೈಮೇಲೆ ಒಂದು ನೂಲೂ ಇಲ್ಲದ ಸ್ಥಿತಿಯಲ್ಲಿ ಮೊಟ್ಟಮೊದಲು ಕಂಡವಳು ಅವಳೇ. ಅದನ್ನು ಯಾವ ಸಭೆಯಲ್ಲಿ ಬೇಕಾದರೂ ನೆನಪಿಸಬಲ್ಲಳು!

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಸರ್ಕಾರಿ ನರ್ಸಮ್ಮನಾಗಿ ನಿಟ್ಟೂರಿನಲ್ಲಿ ಕೆಲಸಕ್ಕೆ ಸೇರಿ, ಕೋಣಂದೂರಿನ ತನಕ ಊರೂರು ಸುತ್ತಿ, ಹೆರಿಗೆ ಮಾಡಿಸುತ್ತ ಮಾಡಿಸುತ್ತಲೇ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ ಪುರಸೊತ್ತಾಗಲಿಲ್ಲ ಎನ್ನುತ್ತಾಳೆ. ಈಗ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳನ್ನು ಕೇಳಿದರೆ ಒಬ್ಬಳೇ ಇರುವುದಕ್ಕೂ ಪುರಸೊತ್ತಿಲ್ಲ.

ಒಮ್ಮೆ ಒಂದು ಮದುವೆಯ ಊಟದ ಸಾಲಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಅವಳ ಎದುರಿಗೇ ಸಿಕ್ಕಿಬಿಟ್ಟರು. ಎತ್ತರದ ಆಳು, ದಪ್ಪ ಮೀಸೆ, ಹಿಂದೆ ಇಬ್ಬರು ಪೇದೆಗಳು. ಚಿಕ್ಕಮ್ಮ ಅವರ ಕೈ ಹಿಡಿದು ನಿಲ್ಲಿಸಿ, "ನೀನು ಹುಟ್ಟಿದಾಗ ಅಳ್ಲೇ ಇಲ್ಲ ಮಾರಾಯ. ಕಾಲು ಹಿಡ್ದು ತಲೆಕೆಳಗೆ ಮಾಡಿ ಎರಡು ಬಾರಿಸಿದ ಮೇಲೇ ಬಾಯಿ ಬಿಟ್ಟಿದ್ದು" ಎಂದಳು. ಆ ಪೇದೆಗಳಿಬ್ಬರೂ ಊಟ ಮುಗಿಯುವ ತನಕ ಎಲೆಯಿಂದ ತಲೆ ಎತ್ತಲಿಲ್ಲ. ಸಾಹೇಬರು ಪಾಯಸಕ್ಕೂ ಕಾಯದೆ ಎದ್ದುಹೋದರು.

ನಿವೃತ್ತಿಯಾದ ವರ್ಷ ಅವಳು ಒಂದು ಲ್ಯಾಪ್‌ಟಾಪು ಕೊಂಡಳು. ಎರಡೇ ಬೆರಳಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿತಳು. ಆಮೇಲೆ ಹಟ ಹಿಡಿದು ಕೂತು, ಕೆಲಸಕ್ಕೆ ಸೇರಿದ ದಿನದಿಂದ ತಾನು ಡೈರಿಗಳಲ್ಲಿ ಬರೆದಿಟ್ಟುಕೊಂಡಿದ್ದ ಒಂದೊಂದು ಹೆರಿಗೆಯನ್ನೂ ಅದಕ್ಕೆ ಏರಿಸಿದಳು. ಊರು, ತಾಯಿಯ ಹೆಸರು, ದಿನ, ಹೊತ್ತು, ಮಗುವಿನ ತೂಕ, ತಲೆ ಮುಂದಾಗಿ ಬಂತೋ ಕಾಲು ಮುಂದಾಗಿ ಬಂತೋ, ಎಲ್ಲ. ಬೆಳಗ್ಗೆ ಕಾಫಿ ಕುಡಿದು ಆ ಪಟ್ಟಿ ತೆರೆಯುವುದು, ಅವತ್ತು ಯಾರ ಹುಟ್ಟಿದ ದಿನ ಎಂದು ನೋಡುವುದು, ನಂಬರು ಸಿಕ್ಕವರಿಗೆ ಫೋನು ಮಾಡುವುದು. ಶುಭಾಶಯ ಎಂದರೆ ನಾವು ನೀವು ಹೇಳುವಂಥದ್ದಲ್ಲ. ಇವತ್ತು ನಿನ್ನ ಹುಟ್ಟಿದಬ್ಬ, ಹದಿನಾಲ್ಕು ತಾಸು ನಿಮ್ಮಮ್ಮನನ್ನು ಗೋಳು ಹೊಯ್ದುಕೊಂಡು ಬಂದವನು ನೀನು, ಅವಳನ್ನು ಚೆನ್ನಾಗಿ ನೋಡಿಕೋ ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ಬಸ್ ಡ್ರೈವರ್ ಒಬ್ಬ ಈ ಫೋನು ಬಂದ ಕೂಡಲೇ ಬಸ್ಸನ್ನು ಬದಿಗೆ ಹಾಕಿ ತನ್ನ ಅಮ್ಮನಿಗೆ ಫೋನು ಮಾಡಿದನಂತೆ. ಪ್ರಯಾಣಿಕರು ಬಸ್ಸು ಕೆಟ್ಟಿತೆಂದು ಇಳಿದು ನಿಂತಿದ್ದರಂತೆ.

ಟೈಪು ಮುಗಿದ ಮೇಲೆ ಆ ಡೈರಿಗಳನ್ನು ಏನು ಮಾಡುವುದು ಎಂದು ಅವಳು ಕೇಳಿದ್ದು ನನ್ನನ್ನು. ನಾನು ಸಾಗರದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟರು. ನಾಲ್ಕು ಜನ ನೆಂಟರ ವಾಟ್ಸಾಪು ಸರಿಮಾಡಿಕೊಟ್ಟ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಕಂಪ್ಯೂಟರ್ ಪಂಡಿತನೆಂದು ಹೆಸರಾದವನು. ಪಂಡಿತನಾದ ಮೇಲೆ ಗೊತ್ತಿಲ್ಲ ಎನ್ನಲು ಬರುತ್ತದೆಯೇ? ಎಲ್ಲ ಕಂಪ್ಯೂಟರಿಗೆ ಬಂದಾಯಿತಲ್ಲ, ಗೆದ್ದಲು ಹಿಡಿಯುವ ಡೈರಿ ಇನ್ನು ಯಾಕೆ ಎಂದುಬಿಟ್ಟೆ. ಅವಳು ಅವನ್ನು ಬಚ್ಚಲೊಲೆಗೆ ಹಾಕಿದಳು. ಒಂದು ವಾರ ನೀರು ಚೆನ್ನಾಗಿ ಕಾದಿತು.

ಹೋದ ವರ್ಷ ಒಂದು ಬೆಳಗ್ಗೆ ಅವಳ ಫೋನು ಬಂತು. ಲ್ಯಾಪ್‌ಟಾಪಿನ ಎದೆಬಡಿತ ತಪ್ಪುತ್ತಿದೆ ಎಂದಳು. ನನಗೆ ಅರ್ಥವಾಗಲಿಲ್ಲ. ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಒಂದು ಕೊಳವೆ ಅವಳ ಬಳಿ ಇನ್ನೂ ಇದೆ. ಅದನ್ನು ಲ್ಯಾಪ್‌ಟಾಪಿನ ಮೇಲಿಟ್ಟು ಕಿವಿಗೊಟ್ಟು, ಗಡಿಯಾರ ನೋಡಿಕೊಂಡು ಎಣಿಸಿದ್ದಾಳೆ! ಟಿಕ್ ಟಿಕ್ ಎಂದು ಬಡಿದುಕೊಂಡು, ನಡುವೆ ನಿಂತು, ಮತ್ತೆ ಬಡಿದುಕೊಳ್ಳುತ್ತಿದೆಯಂತೆ. ನಾನು ಪಂಡಿತನಲ್ಲವೇ? ಒಮ್ಮೆ ಆಫ್ ಮಾಡಿ ಆನ್ ಮಾಡು ಎಂದೆ. ಅವಳು ಆಫ್ ಮಾಡಿದಳು. ಅದು ಮತ್ತೆ ಆನ್ ಆಗಲಿಲ್ಲ.

ಮರುದಿನವೇ ಅವಳು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಸಾಗರಕ್ಕೆ ಬಂದಳು. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಮಾತು ಕಡಿಮೆಯ ಮನುಷ್ಯ. ಬಿಚ್ಚಿ, ನೋಡಿ, ಹಾರ್ಡ್ ಡಿಸ್ಕ್ ಹೋಗಿದೆ ಎಂದರು.

"ಎಲ್ಲಿಗೆ?" ಎಂದಳು ಚಿಕ್ಕಮ್ಮ.

ಅವರು ಸ್ಕ್ರೂ ಬಿಚ್ಚಿ ಅಂಗೈಯಗಲದ ಒಂದು ಡಬ್ಬಿಯನ್ನು ಹೊರತೆಗೆದು ಇದೇ ಹಾರ್ಡ್ ಡಿಸ್ಕ್ ಎಂದು ತೋರಿಸಿದರು. ಚಿಕ್ಕಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಲ್ಲೇ ಇದ್ಯಲ್ಲ. ಮತ್ತೆ ಹೋಗಿದೆ ಅಂದ್ರಿ?" ಅವರು ನನ್ನ ಮುಖ ನೋಡಿದರು. ಡಿಸ್ಕ್ ಇದೆ, ಒಳಗಿನದು ಹೋಗಿದೆ ಎಂದು ನಾನು ಬಿಡಿಸಿ ಹೇಳಿದೆ. ಒಳಗಿನದು ಎಲ್ಲಿಗೆ ಹೋಗಿದೆ ಎಂದು ಅವಳು ಕೇಳಿದಳು. ರಿಪೇರಿಯವರು, ಬೇರೆ ಎಲ್ಲಾದರೂ ಒಂದು ಪ್ರತಿ ಇಟ್ಟಿದ್ದೀರಾ ಎಂದು ವಿಚಾರಿಸಿದರು. ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ನಾನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ.

ಡಿಸ್ಕನ್ನು ಬೆಂಗಳೂರಿಗೆ ಕಳಿಸಿದೆವು. ಮೂರು ವಾರದ ಮೇಲೆ ಉತ್ತರ ಬಂತು. ಒಳಗಿನ ತಟ್ಟೆಯೇ ಗೀರಿಹೋಗಿದೆ, ಒಂದಕ್ಷರವೂ ಸಿಗುವುದಿಲ್ಲ ಎಂದು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬಸ್ಸು ಹತ್ತಿ ಹೊಸನಗರಕ್ಕೆ ಹೋದೆ. ಚಿಕ್ಕಮ್ಮ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹೇಳಿದೆ. ಅವಳ ಕೈ ನಿಲ್ಲಲಿಲ್ಲ. "ಹೌದನಾ" ಎಂದಳು. ಊಟ ಆಯ್ತಾ ಎಂದು ಕೇಳಿದಳು. ನಾನು ಬೈಗುಳಕ್ಕೆ ತಯಾರಾಗಿ ಹೋದವನು; ಬೈಯದವರ ಎದುರಿಗೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಸೊಪ್ಪೆಲ್ಲ ಬಿಡಿಸಿ ಮುಗಿದ ಮೇಲೆ, "ಹೊಸಾದೊಂದು ತಗೋಬೇಕು. ಯಾವ್ದು ಒಳ್ಳೇದು?" ಎಂದಳು. ನನ್ನ ಮುಂದಿನ ಎರಡು ತಿಂಗಳನ್ನು ಆ ಪ್ರಶ್ನೆ ನುಂಗಿತು.

ಹೊಸನಗರದಲ್ಲಿ ನಿಂತವರಿಗೆ ಒಂದು ತೊಂದರೆ ಇದೆ. ಅಲ್ಲಿಂದ ಸಾಗರ ಎಷ್ಟು ದೂರವೋ ತೀರ್ಥಹಳ್ಳಿಯೂ ಹೆಚ್ಚು ಕಡಿಮೆ ಅಷ್ಟೇ ದೂರ. ಯಾವ ಕಡೆಯ ಬಸ್ಸು ಹತ್ತುವುದು ಎಂದು ತೀರ್ಮಾನಿಸುವುದಕ್ಕೇ ಅವಳಿಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿ ಊರಿನವರನ್ನೆಲ್ಲ ಕೇಳಿದಳು. ಮೆಡಿಕಲ್ ಶಾಪಿನವರು ಆನ್‌ಲೈನಿನಲ್ಲಿ ತರಿಸಿ ಎಂದರು. ಅಂಚೆ ಹಂಚುವ ಹೆಂಗಸು, ಪಾರ್ಸೆಲ್ಲುಗಳನ್ನು ಹೇಗೆ ಎಸೆಯುತ್ತಾರೆಂದು ತನಗೆ ಗೊತ್ತು, ಖಂಡಿತ ತರಿಸಬೇಡಿ ಎಂದಳು. ಬ್ಯಾಂಕಿನ ಕಾವಲುಗಾರ ಒಳಗಿನ ಚಿಪ್ಪು ಐ ತ್ರೀ ಇದ್ದರೆ ಸಾಕು ಎಂದ. ಒಳಗಿದ್ದ ಮ್ಯಾನೇಜರು ಐ ಫೈವ್‌ಗಿಂತ ಕಡಿಮೆ ತೆಗೆದುಕೊಂಡರೆ ಅಳುತ್ತೀರಿ ಎಂದರು. ಬಸ್ಸಿನ ಕಂಡಕ್ಟರ್ ಲ್ಯಾಪ್‌ಟಾಪೇ ಬೇಡ, ಎಲ್ಲ ಮೊಬೈಲಿನಲ್ಲೇ ಆಗುತ್ತದೆ ಎಂದು ತನ್ನ ಮೊಬೈಲು ತೋರಿಸಿದ. ಅದರ ಗಾಜು ಜೇಡರ ಬಲೆಯಂತೆ ಒಡೆದಿತ್ತು.

ಈ ಸಲಹೆಗಳನ್ನೆಲ್ಲ ಬರೆದಿಡಲು ಅವಳು ಕಂಡುಕೊಂಡ ಉಪಾಯ ಕೇಳಿ. ಬಸುರಿಯರಿಗೆ ಕೊಡುವ ತಾಯಿ ಕಾರ್ಡು ಗೊತ್ತಲ್ಲ? ಹಳೆಯ ನಮೂನೆಯದೆಂದು ಬಿಸಾಡಿದ ಖಾಲಿ ಕಾರ್ಡುಗಳ ಒಂದು ಕಟ್ಟು ಅವಳ ಬೀರುವಿನಲ್ಲಿತ್ತು. ಒಂದೊಂದು ಲ್ಯಾಪ್‌ಟಾಪಿಗೆ ಒಂದೊಂದು ಕಾರ್ಡು ಮಾಡಿದಳು. ತೂಕ ಎಂಬಲ್ಲಿ ತೂಕ. ಹಿಂದಿನ ಹೆರಿಗೆಗಳ ವಿವರ ಎಂಬಲ್ಲಿ ಅದೇ ಕಂಪನಿಯ ಹಳೆಯ ಮಾಡೆಲ್ಲುಗಳು. ಅಪಾಯದ ಚಿಹ್ನೆಗಳು ಎಂಬಲ್ಲಿ ಜನ ಹೇಳಿದ ದೂರುಗಳು. ನೋಡನೋಡುತ್ತ ಹನ್ನೊಂದು ಕಾರ್ಡುಗಳಾದವು. ಹನ್ನೊಂದರಲ್ಲೂ ಅಪಾಯದ ಚಿಹ್ನೆಗಳ ಜಾಗ ಭರ್ತಿಯಾಗಿ, ಬರಹ ಅಂಚಿಗೆ ಹತ್ತಿತ್ತು.

ಕೊನೆಗೆ ಮೊದಲು ಬಂದದ್ದು ಸಾಗರಕ್ಕೆ. ಇಲ್ಲಿನ ಒಂದು ಅಂಗಡಿಯಲ್ಲಿ ಟೈ ಕಟ್ಟಿದ ಒಬ್ಬರು ಬಹಳ ವಿನಯದಿಂದ ಕೂರಿಸಿ, ತೆಳ್ಳಗೆ ಬೆಳ್ಳಗೆ ಹೊಳೆಯುವ ಒಂದು ಲ್ಯಾಪ್‌ಟಾಪನ್ನು ಮುಂದಿಟ್ಟರು. ಇಡೀ ಅಂಗಡಿಯಲ್ಲಿ ಇದೇ ಹಗುರ ಮೇಡಂ ಎಂದರು. ಚಿಕ್ಕಮ್ಮ ಎರಡೂ ಅಂಗೈಯಲ್ಲಿ ಅದನ್ನು ಎತ್ತಿ, ಕಣ್ಣು ಮುಚ್ಚಿ, ಸ್ವಲ್ಪ ಮೇಲೆ ಕೆಳಗೆ ಆಡಿಸಿದಳು.

"ಒಂದು ಕೆಜಿ ಇನ್ನೂರು" ಎಂದಳು. ಅವರು ಡಬ್ಬಿ ನೋಡಿ, ಒಂದು ಕೆಜಿ ಇನ್ನೂರ ಹತ್ತು ಗ್ರಾಂ ಮೇಡಂ ಎಂದು ಬೆರಗಾದರು. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟು, "ಇದನ್ನ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕಳ್ಸಿ. ಇಲ್ಲಿಟ್ರೆ ಉಳಿಯಲ್ಲ" ಎಂದಳು.

ಅವರು ಬಿಡಲಿಲ್ಲ. ಇನ್ನೊಂದು ತೆಗೆದು, ಇದರಲ್ಲಿ ಸಿನಿಮಾ ಹೀಗೆ ಕಾಣುತ್ತದೆ, ಇದರಲ್ಲಿ ಆಟ ಹೀಗೆ ಓಡುತ್ತದೆ ಎಂದು ವರ್ಣಿಸತೊಡಗಿದರು. ಚಿಕ್ಕಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಇದು ಹೋಗುವುದು ಯಾವಾಗ ಎಂದಳು. ಎಲ್ಲಿಗೆ ಹೋಗುವುದು ಮೇಡಂ ಎಂದು ಅವರು ಕೇಳಿದರು. ನಾನು ನಡುವೆ ಬಾಯಿ ಹಾಕಿ, ಹೋಗುವುದು ಎಂದರೆ ಕೆಡುವುದು ಎಂದು ಅನುವಾದಿಸಿದೆ. ಕೆಡುವ ಮಾತೇ ಇಲ್ಲ, ಇದರಲ್ಲಿರುವುದು ಎಸ್‌ಎಸ್‌ಡಿ, ತಿರುಗುವ ತಟ್ಟೆಯೇ ಇಲ್ಲ, ಒಂದಿಷ್ಟೂ ಸದ್ದಿಲ್ಲ ಎಂದು ಅವರು ಹೆಮ್ಮೆಪಟ್ಟರು. ಅದೇ ತಪ್ಪಾದದ್ದು.

"ಸದ್ದೇ ಇಲ್ಲ ಅಂದ್ರೆ ಕೆಡೋಕೆ ಮುಂಚೆ ಗೊತ್ತಾಗೋದು ಹೆಂಗೆ?"

ಅವರು ಆ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ಹೌದಲ್ಲ, ಹಳೆಯದು ಪಾಪ, ಬಡಿದುಕೊಂಡಾದರೂ ಹೇಳಿತು! ಹುಟ್ಟಿ ಅಳದ ಮಗುವನ್ನೂ ಸದ್ದಿಲ್ಲದ ಯಂತ್ರವನ್ನೂ ನಂಬಬಾರದು ಎಂದು ತೀರ್ಪು ಕೊಟ್ಟು ಚಿಕ್ಕಮ್ಮ ಎದ್ದಳು. ಹೊರಗೆ ಬಂದು ನಾಲ್ಕು ಕಾರ್ಡುಗಳನ್ನು ಅಡ್ಡಗೆರೆ ಎಳೆದು ಮುಗಿಸಿದಳು.

ತೀರ್ಥಹಳ್ಳಿಗೆ ನಾವು ಮೂರು ಸಲ ಹೋದೆವು. ಮೊದಲನೇ ಸಲ ಹದಿಮೂರನೇ ಜನರೇಶನ್ ಎಂಬ ಮಾತು ಕೇಳಿ, ಹದಿಮೂರು ತಲೆಮಾರು ಎಂದರೆ ಯಾರ ಕಾಲದಿಂದ ಎಂದು ಅವಳು ಲೆಕ್ಕ ಹಾಕುತ್ತ ಕೂತಳು. ಕೆಳದಿಯ ಅರಸರ ಹತ್ತಿರ ಹತ್ತಿರ ಹೋಗುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಯಿತು. ಎರಡನೇ ಸಲ ಒಂದನ್ನು ಒಪ್ಪಿದಳು. ನಾಳೆ ಬಂದು ಒಯ್ಯುತ್ತೇವೆಂದು ಹೇಳಿ ಬಸ್ಸು ಹತ್ತಿದೆವು. ನನಗೆ ಜೀವ ಬಂದಂತಾಗಿತ್ತು. ಕೋಣಂದೂರಿನಲ್ಲಿ ಅವಳ ಪರಿಚಯದ ಹೆಂಗಸೊಬ್ಬಳು ಬಸ್ಸು ಹತ್ತಿ ಪಕ್ಕದಲ್ಲೇ ಕೂತು, ಮಗಳ ಹತ್ತಿರ ಅದೇ ಇದೆ, ತೊಡೆಯ ಮೇಲಿಟ್ಟರೆ ಒಲೆಯ ಮುಂದೆ ಕೂತಂತೆ ಎಂದಳು. ಚಿಕ್ಕಮ್ಮ ಮಾತಾಡದೆ ಚೀಲದಿಂದ ಆ ಕಾರ್ಡನ್ನು ತೆಗೆದಳು. ಜ್ವರ ಎಂದು ಬರೆದಳು. ಗೆರೆ ಎಳೆದಳು.

ಅಷ್ಟರಲ್ಲಿ ನನ್ನ ತಲೆ ಪೂರ್ತಿ ಕೆಟ್ಟಿತ್ತು. ಅವಳಿಗೆ ಹೇಳುವುದಕ್ಕೆಂದು ನಾನೂ ಓದಿದ್ದೆ, ವಿಡಿಯೋಗಳನ್ನು ನೋಡಿದ್ದೆ. ಒಬ್ಬ ಒಳ್ಳೆಯದೆಂದದ್ದನ್ನು ಇನ್ನೊಬ್ಬ ಯಾರೂ ಕೊಳ್ಳಬೇಡಿ ಎನ್ನುತ್ತಿದ್ದ. ಒಂದು ದಿನ ತರಗತಿಯಲ್ಲಿ ಸಂಧಿಗಳ ಪಾಠ ಮಾಡುತ್ತ, ಕನ್ನಡ ಸಂಧಿಗಳಲ್ಲಿ ಎರಡು ಬಗೆ, ಎಂಟು ಜಿಬಿ ಮತ್ತು ಹದಿನಾರು ಜಿಬಿ ಎಂದುಬಿಟ್ಟೆ. ಮಕ್ಕಳು ನಗಲೂ ಇಲ್ಲ. ಬರೆದುಕೊಂಡರು! ನನ್ನ ಹೆಂಡತಿ, ನೀವು ಮೊದಲು ಯಾರಿಗಾದರೂ ತಲೆ ತೋರಿಸಿ ಎಂದಳು. ಚಿಕ್ಕಮ್ಮನಿಗೇ ತೋರಿಸಬೇಕಲ್ಲ, ಮನೆಯಲ್ಲಿ ಬೇರೆ ನರ್ಸು ಯಾರಿದ್ದಾರೆ ಎಂದೆ.

ಮೂರನೇ ಸಲ ತೀರ್ಥಹಳ್ಳಿಯಲ್ಲಿ ಹೊಸದೊಂದು ಅಂಗಡಿಗೆ ಹೋದೆವು. ಚಿಕ್ಕ ಅಂಗಡಿ. ಮಾಲೀಕಳು ಸುಮಾರು ನಲವತ್ತು ವರ್ಷದ ಹೆಂಗಸು. ಒಬ್ಬಳೇ ಮಾರುತ್ತಾಳೆ, ಒಬ್ಬಳೇ ರಿಪೇರಿಯನ್ನೂ ಮಾಡುತ್ತಾಳೆ. ಚಿಕ್ಕಮ್ಮ ಉಳಿದ ಕಾರ್ಡುಗಳನ್ನು ಅಂಗಡಿಯ ಮೇಜಿನ ಮೇಲೆ ಇಸ್ಪೀಟಿನಂತೆ ಹರವಿದಳು. ಆ ಹೆಂಗಸು ನಗದೆ ಒಂದೊಂದನ್ನೇ ಎತ್ತಿ ಓದಿದಳು. ಹಿಂದಿನದಕ್ಕೆ ಏನಾಯಿತು ಎಂದು ಕೇಳಿದಳು. ಎರಡು ತಿಂಗಳಲ್ಲಿ ಈ ಮಾತನ್ನು ಕೇಳಿದವಳು ಅವಳೊಬ್ಬಳೇ. ಚಿಕ್ಕಮ್ಮ ಪಟ್ಟಿಯ ಕಥೆ, ಎದೆಬಡಿತದ ಕಥೆ ಎಲ್ಲ ಹೇಳಿದಳು. ಡೈರಿಯ ವಿಷಯ ಬಂದಾಗ, ಅವನ್ನು ತಾನೇ ಸುಟ್ಟೆ ಎಂದಳೇ ಹೊರತು ನನ್ನ ಹೆಸರೆತ್ತಲಿಲ್ಲ. ನಾನು ಗೋಡೆಯ ಕ್ಯಾಲೆಂಡರು ಓದುತ್ತ ನಿಂತೆ.

ಕೊನೆಗೆ ಚಿಕ್ಕಮ್ಮ ತನ್ನ ಮಾಮೂಲಿ ಪ್ರಶ್ನೆ ಕೇಳಿದಳು. ಇವುಗಳಲ್ಲಿ ಯಾವುದು ಹೋಗುವುದಿಲ್ಲ?

"ಎಲ್ಲಾನೂ ಹೋಗುತ್ತೆ ಅಮ್ಮ" ಎಂದಳು ಆ ಹೆಂಗಸು. "ಹೋಗದೇ ಇರೋದು ಯಾರೂ ಮಾಡಿಲ್ಲ. ಯಾವ್ದು ತಗೊಂಡ್ರೂ ಎರಡು ಕಡೆ ಬರ್ದಿಡಿ, ಅಷ್ಟೇ."

ಚಿಕ್ಕಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾರ್ಡುಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಿ, ನಿನಗೆ ಸರಿಕಂಡದ್ದು ಕೊಡು ಎಂದಳು. ಆ ಹೆಂಗಸು ಮೇಲಿನ ಶೆಲ್ಫಿನಿಂದ ಕಪ್ಪನೆಯದೊಂದನ್ನು ಇಳಿಸಿದಳು. ಜೊತೆಗೆ ಒಂದು ಪೆನ್ ಡ್ರೈವು ಇಟ್ಟಳು. ಚಿಕ್ಕಮ್ಮ ಎತ್ತಿ ನೋಡಲಿಲ್ಲ, ತೂಕ ಕೇಳಲಿಲ್ಲ, ಜನರೇಶನ್ ಕೇಳಲಿಲ್ಲ. ಐದು ನಿಮಿಷದಲ್ಲಿ ವ್ಯಾಪಾರ ಮುಗಿಯಿತು. ನಾನು ದಿಕ್ಕು ತಪ್ಪಿದವನಂತೆ ನಿಂತಿದ್ದೆ. ಬಸ್ಸಿನಲ್ಲಿ, ಇದು ಹೇಗೆ ಅಷ್ಟು ಬೇಗ ಒಪ್ಪಿಗೆಯಾಯಿತು ಎಂದು ಕೇಳಿದೆ. ಅವಳೊಬ್ಬಳೇ ನಿಜ ಹೇಳಿದ್ದು ಎಂದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು.

ಅವತ್ತು ಮಧ್ಯಾಹ್ನ ಹೊಸನಗರದ ಮನೆಯಲ್ಲಿ ಊಟ ಮುಗಿಸಿ, ನಾನು ಅದಕ್ಕೆ ಕನ್ನಡ ಹಾಕಿಕೊಟ್ಟೆ. ಪಾಪ ತೊಳೆದುಕೊಳ್ಳುವ ಆತುರ ನನಗೆ. ಒಂದು ದಾರಿ ಹೇಳಿದೆ. ವಾಟ್ಸಾಪಿನಲ್ಲಿ ಒಂದು ಸಂದೇಶ ಬಿಡೋಣ, ನರ್ಸಮ್ಮ ಹೆರಿಗೆ ಮಾಡಿಸಿದವರೆಲ್ಲ ತಮ್ಮ ಹುಟ್ಟಿದ ದಿನ ಕಳಿಸಿ ಎಂದರೆ ಒಂದೇ ವಾರಕ್ಕೆ ಅರ್ಧ ಪಟ್ಟಿ ತಾನಾಗಿ ಬರುತ್ತದೆ. ಅವಳು ಆಯ್ತು, ಮಾಡೋಣ ಎಂದಳು. ಆದರೆ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಆಗಲೇ ಟೈಪು ಮಾಡಲು ಶುರುಮಾಡಿದ್ದಳು. ಮುಂದೆ ಯಾವ ಕಾಗದವೂ ಇರಲಿಲ್ಲ. ನಾನು ಹಿಂದಿನಿಂದ ಬಗ್ಗಿ ನೋಡಿದೆ.

ನಿಟ್ಟೂರು, ಸೋಮವಾರ, ಹೆಣ್ಣು, ಅರ್ಧ ಗಂಟೆ. ಕೆಳಗೆ, ನಿಟ್ಟೂರಿನ ಹತ್ತಿರ, ದೋಣಿಯಲ್ಲಿ, ಗಂಡು, ಉಸಿರು ಬರಲಿಲ್ಲ. ಅದರ ಕೆಳಗೆ, ಕೋಣಂದೂರು, ಅವಳಿ, ಎರಡನೆಯದು, ಹೆಣ್ಣು, ಸಂಜೆಯ ತನಕ.

ಇವರ ಹೆಸರು ಯಾಕೆ ಹಾಕಿಲ್ಲ ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಅರ್ಥವಾಯಿತು.

"ಹೆಸರಿಡೋ ತನಕ ಇರ್ಲಿಲ್ಲ" ಎಂದಳು, ತಲೆ ಎತ್ತದೆ. "ಬದುಕಿದೋರು ಅವರವರ ಹುಟ್ಟಿದಬ್ಬ ಅವ್ರೇ ಹೇಳ್ತಾರೆ, ನಿಧಾನಕ್ಕೆ ಬರ್ಕೊಂಡ್ರೆ ಆಯ್ತು. ಇವು ನನ್ ತಲೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ನಂಗೂ ವಯಸ್ಸಾಯ್ತಲ್ಲ, ನಾ ಮರೆತ್ರೆ ಹುಟ್ಟೇ ಇಲ್ಲ ಅಂತಾಗುತ್ತೆ."

ಆ ಪಟ್ಟಿಯನ್ನು ನಾನು ಹಿಂದೆ ಒಮ್ಮೆಯೂ ಪೂರ್ತಿ ನೋಡಿದವನಲ್ಲ. ನಗುವುದಕ್ಕೆ ಸಿಕ್ಕ ನಾಲ್ಕು ಸಾಲು ಓದಿ ಮುಚ್ಚಿದ್ದೆ ಅಷ್ಟೇ. ಅವಳು ನಾಲ್ಕನೆಯ ಸಾಲು ಹೊಡೆಯುತ್ತಿದ್ದಳು. ಒಂದೊಂದೇ ಅಕ್ಷರ ಹುಡುಕಿ, ಒತ್ತಿ. ಹೊಸನಗರ. ಅಕ್ಕನ ಮೊದಲನೆಯದು. ಗಂಡು. ಎರಡು ದಿನ.

ಚಿಕ್ಕಮ್ಮನಿಗೆ ಇರುವುದು ಒಬ್ಬಳೇ ಅಕ್ಕ. ಅದು ನನ್ನ ಅಮ್ಮ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಮನೆಗೆ ಹಿರಿಯ ಮಗ ನಾನೇ ಎಂದು ಹೇಳಿ ಹೇಳಿಯೇ ನನ್ನನ್ನು ಬೆಳೆಸಿದ್ದರು. ಇದನ್ನು ಅಮ್ಮ ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ನನ್ನ ಉಸಿರು ಬದಲಾದದ್ದು ಅವಳಿಗೆ ಕೇಳಿಸಿರಬೇಕು. ಕೈ ನಿಲ್ಲಿಸಿ ಹಿಂದಕ್ಕೆ ತಿರುಗಿದಳು. ನಾನು ಅಲ್ಲೇ ನಿಂತಿದ್ದೇನೆಂಬುದನ್ನು ಅವಳು ಮರೆತಿದ್ದಳು. ಪಕ್ಕದ ಕುರ್ಚಿಯ ಮೇಲಿದ್ದ ಲ್ಯಾಪ್‌ಟಾಪಿನ ಖಾಲಿ ಡಬ್ಬವನ್ನು ಅವಳು ಕೆಳಗಿಟ್ಟಳು. ನಾನು ಕೂತೆ.

"ಹೆಂಗಿದ್ದ?" ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒಬ್ಬ ಮನುಷ್ಯನನ್ನು ಎರಡೇ ದಿನ ನೋಡಿದವಳು, ಅವನ ಬಗ್ಗೆ ಹೇಳಲು ಬಹಳ ಇದೆ ಎನ್ನುವಂತೆ ಯೋಚಿಸಿದಳು.

"ನಿನ್ನಂಗೇ" ಎಂದಳು. "ಕಿವಿ ಅಗಲ. ಬೆರಳು ಹಿಡ್ಕೊಂಡ್ರೆ ಬಿಡ್ತಿರ್ಲಿಲ್ಲ."